ಬಿಳಿ ಕನ್ನಡಕ

"ಎಳೀಬೇಡ ಕಣೇ! ಬುಡದಿಂದ ಎಳೆದ್ರೆ ಗಂಟು ಇನ್ನೂ ಬಿಗಿಯುತ್ತೆ. ತುದಿಯಿಂದ ಬಿಡಿಸ್ಕೊಂಡು ಮೇಲಕ್ಕೆ ಬಾ."

ಮಗಳು ಕೈ ನಿಲ್ಲಿಸಿದಳು. "ಈಗ ಅತ್ತೆಗೆ ನೋವಾಗುತ್ತೇನಮ್ಮಾ?" ಎಂದಳು. ಅಂದ ಮೇಲೆ ತನ್ನ ಮಾತಿಗೆ ತಾನೇ ಬೆಚ್ಚಿ, ಬಾಚಣಿಗೆಯನ್ನು ತಾಯಿಯ ಕೈಗೆ ಕೊಟ್ಟು ಹಿಂದೆ ಸರಿದಳು. ಬಾಚಣಿಗೆಯ ಎರಡು ಹಲ್ಲು ಆಗಲೇ ಮುರಿದಿದ್ದವು.

ನಡುಮನೆಯ ಮಂಚದ ಮೇಲೆ ಹೆಣವಾಗಿ ಮಲಗಿದ್ದವಳು ಆ ಮನೆಯ ಯಜಮಾನನ ತಂಗಿ. ಮದುವೆಯಾಗದೆ, ಅರವತ್ತಾರು ವರ್ಷ ಹುಟ್ಟಿದ ಮನೆಯಲ್ಲೇ ಇದ್ದವಳು. ಈಗ ಬಾಚಣಿಗೆ ಹಿಡಿದ ತಾಯಿ ಅವಳ ಅತ್ತಿಗೆ. ಸೊಸೆಯಾಗಿ ಬಂದು ನಲವತ್ತೈದು ವರ್ಷ ನಾದಿನಿಯ ಜೊತೆ ಒಂದೇ ಒಲೆಯ ಮುಂದೆ ಬೆವತು, ಒಂದೇ ನಲ್ಲಿಯ ಕೆಳಗೆ ಕೈ ತೊಳೆದವಳು. ಆಸ್ಪತ್ರೆಯ ದಿಂಬಿನ ಮೇಲೆ ಮೂರು ದಿನ ಹೊರಳಿದ ಆ ನರೆತ ಕೂದಲು ಹಿಂದಲೆಯಲ್ಲಿ ಹಕ್ಕಿಯ ಗೂಡಿನ ಹಾಗೆ ಗಂಟುಕಟ್ಟಿತ್ತು.

"ಇದ್ರಲ್ಲಿ ಆಗಲ್ಲ. ಇರು, ಅವಳ್ದೇ ತರ್ತೀನಿ" ಎಂದು ಅತ್ತಿಗೆ ಎದ್ದಳು.

ನಾದಿನಿಯ ಕೋಣೆ ಮನೆಯ ಹಿಂಭಾಗದಲ್ಲಿತ್ತು. ಸೋಮವಾರ ಬೆಳಿಗ್ಗೆ ಆಸ್ಪತ್ರೆಯ ಗಾಡಿ ಬಂದಾಗ ಹೇಗೆ ಬಿಟ್ಟು ಹೋಗಿದ್ದರೋ ಹಾಗೆಯೇ ಇತ್ತು. ಗೋಡೆಯ ತುಂಬ ಹಲಗೆಗಳು, ಹಲಗೆಗಳ ತುಂಬ ಅಂಗೈಯಲ್ಲಿ ನಿಲ್ಲುವಂಥ ಆಟಿಕೆ ಕುದುರೆಗಳು. ಗುಲಾಬಿ, ನೇರಳೆ, ಹಳದಿ ಮೈ. ಬಾಚಲು ಬರುವಂಥ ನೈಲಾನಿನ ಜೂಲು. ತೊಡೆಯ ಮೇಲೆ ಒಂದಕ್ಕೆ ಮೋಡದ ಚಿತ್ರವಾದರೆ ಇನ್ನೊಂದಕ್ಕೆ ಛತ್ರಿಯದು. ಎಂದೋ ಮಕ್ಕಳು ಆಡಿ ಬಿಸಾಡಿದವು. ಅಂಥವು ಈಗ ಬರುವುದಿಲ್ಲವಾದ್ದರಿಂದ, ಗುಜರಿಯಿಂದ ಹುಡುಕಿ ತಂದು ಜೋಪಾನ ಮಾಡುವ ಜನರಿದ್ದಾರೆ. ಅವರು ನಾದಿನಿಯ ಬಳಿ ಕಳಿಸುತ್ತಿದ್ದರು. ಅವಳು ಕೊಳೆ ತೊಳೆದು, ಕಲೆ ತೆಗೆದು, ಉದುರಿದ ಜೂಲನ್ನು ಸೂಜಿಯಲ್ಲಿ ಪೋಣಿಸಿ, ಹೊಸದರಂತೆ ಮಾಡಿ ಕೊಡುತ್ತಿದ್ದಳು. ಮೇಜಿನ ಮೇಲೆ, ಮೈಯಿಂದ ಬಿಚ್ಚಿ ತೊಳೆದು ಖಾಲಿ ಸೀಸೆಗಳ ಬಾಯಿಗೆ ಸಿಕ್ಕಿಸಿದ ಕುದುರೆಯ ತಲೆಗಳು ಒಣಗಿ ನಿಂತಿದ್ದವು. ಸ್ಟೀಲಿನ ಬಾಚಣಿಗೆ ಅವುಗಳ ಪಕ್ಕದಲ್ಲೇ ಇತ್ತು.

ಅತ್ತಿಗೆ ಬಾಚಣಿಗೆ ತೆಗೆದುಕೊಂಡಳು. ನೋಡಬಾರದೆಂದುಕೊಂಡೇ ಕಿಟಕಿಯ ಕಡೆ ನೋಡಿದಳು.

ದಿನವಿಡೀ ಬಿಸಿಲು ಬೀಳುವ ಆ ಕಿಟಕಿಯ ಕಟ್ಟೆಯ ಮೇಲೆ ನೀಲಿ ಕುದುರೆ ನಿಂತಿತ್ತು. ಯಾವ ಕಾಲದಲ್ಲೋ ಯಾವುದೋ ಮಗು ಬಾಲ್‌ಪೆನ್ನಿನಲ್ಲಿ ಅದರ ಮುಖಕ್ಕೆ ಕನ್ನಡಕ ಬರೆದಿತ್ತು. ಆ ಗೆರೆಗಳ ಮೇಲೆಯೇ ನಾದಿನಿ ಹಲ್ಲುಕಡ್ಡಿಯ ತುದಿಯಿಂದ ಮೊಡವೆಯ ಮುಲಾಮು ಹಚ್ಚಿ ಬಿಸಿಲಿಗಿಟ್ಟಿದ್ದಳು. ಮುಲಾಮು, ಬಿಸಿಲು ಎರಡೂ ಸೇರಿದರೆ ಶಾಯಿ ಹೋಗುತ್ತದೆ. ಆದರೆ ಎರಡೇ ಗಂಟೆ. ಅದಕ್ಕಿಂತ ಹೆಚ್ಚು ಬಿಟ್ಟರೆ ಮುಲಾಮು ಶಾಯಿಯನ್ನು ತಿಂದು ಮುಗಿಸಿ ಕುದುರೆಯ ಬಣ್ಣಕ್ಕೇ ಬಾಯಿ ಹಾಕುತ್ತದೆ.

ಮುಲಾಮು ಒಣಗಿ ಹೊಪ್ಪಳೆಯಾಗಿತ್ತು. ಅತ್ತಿಗೆ ಉಗುರಿನಿಂದ ಕೆರೆದಳು. ಶಾಯಿ ಇರಲಿಲ್ಲ. ಶಾಯಿ ಇದ್ದಲ್ಲೆಲ್ಲ ನೀಲಿಯೂ ಇರಲಿಲ್ಲ. ಎರಡು ಕಣ್ಣಿನ ಸುತ್ತ ಎರಡು ವೃತ್ತ, ಮೂಗಿನ ಮೇಲೊಂದು ಕೊಂಡಿ, ಕಿವಿಯವರೆಗೆ ಎರಡು ಕಡ್ಡಿ, ಎಲ್ಲವೂ ಸುಣ್ಣದಷ್ಟು ಬೆಳ್ಳಗೆ.

ಅವಳು ಅದನ್ನು ಒಂದು ಟವೆಲಿನಲ್ಲಿ ಸುತ್ತಿ, ಬೀರು ತೆಗೆದು, ಮಡಿಸಿಟ್ಟ ಹೊದಿಕೆಗಳ ಅಡಿಗೆ ತಳ್ಳಿದಳು. ಆಮೇಲೆ ಬಂದು ನಾದಿನಿಯ ತಲೆ ಬಾಚಿದಳು, ತುದಿಯಿಂದ ಮೇಲಕ್ಕೆ, ಒಂದು ಕೂದಲೂ ಹರಿಯದ ಹಾಗೆ. ಆದರೂ ಬಾಚಣಿಗೆಯಲ್ಲಿ ಮೂರು ನಾಲ್ಕು ನರೆಗೂದಲು ಉಳಿದವು.

* * *

ಊರಿನ ದೊಡ್ಡ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ನಾದಿನಿ ಮೂವತ್ತೊಂದು ವರ್ಷ ಕಲೆ ತೆಗೆಯುವ ಮೇಜಿನಲ್ಲಿ ಕೆಲಸ ಮಾಡಿದ್ದಳು. ಶಾಯಿಗೆ ಯಾವುದು, ತುಕ್ಕಿಗೆ ಯಾವುದು, ಎಣ್ಣೆಗೆ ಯಾವುದು ಎಂದು ಮೂಸಿ ನೋಡಿ ಹೇಳುತ್ತಿದ್ದಳು. ಅಂಗಡಿ ಮುಚ್ಚಿದ ದಿನ, ಯಾರೂ ಬಿಡಿಸಿಕೊಳ್ಳದೆ ವರ್ಷಗಟ್ಟಲೆ ತೂಗುತ್ತಿದ್ದ ಒಂದು ಪುಟ್ಟ ಕೋಟಿನ ಜೇಬಿನಲ್ಲಿ ಅವಳಿಗೆ ಒಂದು ಕುದುರೆ ಸಿಕ್ಕಿತು. ಹಳದಿ ಮೈ, ಹಿಂಭಾಗದಲ್ಲಿ ಕಂದು ಕಲೆ. ಮನೆಗೆ ತಂದು, ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ಕತ್ತು ತಿರುಗಿಸಿ ತಲೆ ಬಿಚ್ಚಿದಳು.

"ಇಲ್ನೋಡಿ ಅತ್ತಿಗೆ, ಬಾಲ ನಿಲ್ಲಿಸೋಕೆ ಒಳಗೊಂದು ಕಬ್ಬಿಣದ ಬಿಲ್ಲೆ ಹಾಕಿದಾರೆ. ಅದು ತುಕ್ಕು ಹಿಡಿದು ಒಳಗಿಂದ ಹೊರಗೆ ಬಂದಿದೆ. ಹೊರಗೆ ಎಷ್ಟು ತಿಕ್ಕಿದ್ರೂ ಏನ್ ಬಂತು?"

"ಚೆನ್ನಾಗಿದೆ. ಕಂಕುಳಲ್ಲಿ ಕೂಸಿಲ್ಲದೋಳಿಗೆ ಕೈಯಲ್ಲೊಂದು ಕುದುರೆ" ಎಂದಿದ್ದಳು ಅತ್ತಿಗೆ.

ತಮಾಷೆಗೆ ಅಂದದ್ದು. ಆದರೆ ಮಾತು ಬಾಯಿಂದ ಬಿದ್ದ ಮೇಲೆ ತಮಾಷೆಯಾಗಿ ಉಳಿಯಲಿಲ್ಲ. ನಾದಿನಿ ಬಿಲ್ಲೆಯನ್ನು ಇಕ್ಕಳದಿಂದ ಹಿಡಿದು ಎಳೆದು, ಕಸದ ಡಬ್ಬಿಗೆ ಹಾಕಿ, "ಕೂಸಾದ್ರೆ ರಾತ್ರಿಯೆಲ್ಲ ಅಳುತ್ತೆ. ಇದು ವಾಸಿ" ಎಂದಳು.

ಹಳೆಯ ಅಂಗಡಿಯಿಂದ ಅವಳು ತಂದದ್ದು ಇನ್ನೂ ಒಂದಿತ್ತು, ಚೀಟಿಯ ಪದ್ಧತಿ. ಯಾವ ಕುದುರೆಯೂ ಕಾಲಿಗೆ ಚೀಟಿ ಕಟ್ಟಿಸಿಕೊಳ್ಳದೆ ಆ ಮನೆಯ ಹೊಸಿಲು ದಾಟುತ್ತಿರಲಿಲ್ಲ. ಚೀಟಿಯಲ್ಲಿ ಮೂರು ಸಾಲು. ಬಂದಾಗ ಹೀಗಿತ್ತು. ನಾನು ಮಾಡಿದ್ದು ಇದು. ಹೋಗದೆ ಉಳಿದದ್ದು ಇದು.

"ಉಳಿದದ್ದನ್ನ ಯಾಕೆ ಬರೀತಿ? ಸುಮ್ನಿದ್ರೆ ಅವರಿಗೇನು ಕಾಣುತ್ತಾ?" ಎಂದು ಅತ್ತಿಗೆ ಒಮ್ಮೆ ಕೇಳಿದ್ದಳು.

"ಕಾಣದೆ ಇದ್ರೇನೇ ಬರೀಬೇಕಾದ್ದು ಅತ್ತಿಗೆ. ಕಾಣೋದನ್ನ ಅವರೇ ನೋಡ್ಕೋತಾರೆ."

* * *

ಹತ್ತು ಗಂಟೆಯ ಹೊತ್ತಿಗೆ ನಡುಮನೆ ತುಂಬಿತು. ಹನ್ನೊಂದಕ್ಕೆ ಎತ್ತಬೇಕೆಂದು ಗೊತ್ತಾಗಿತ್ತು. ಬಾಡಿಗೆ ಕುರ್ಚಿಗಳು ಬಾಗಿಲಾಚೆ ಬೀದಿಯವರೆಗೂ ಇದ್ದವು. ನಾದಿನಿಯನ್ನು ಮರದ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಮೈಮೇಲೆ ಬೂದುಬಣ್ಣದ ಉಡುಪು, ಒಂದೇ ಒಂದು ಸುಕ್ಕಿಲ್ಲ. ಅದನ್ನು ಬೆಳಿಗ್ಗೆ ಇಸ್ತ್ರಿ ಮಾಡಿ ತಂದವನು ಹಳೆಯ ಅಂಗಡಿಯ ಇಸ್ತ್ರಿಯವನು. ಎಪ್ಪತ್ತು ದಾಟಿದ ಮುದುಕ. ಈಗ ಬೀದಿಯ ತುದಿಯಲ್ಲಿ ಅವನದೇ ಒಂದು ಗಾಡಿ. ಪೆಟ್ಟಿಗೆಯ ಕಾಲ ದೆಸೆಯಲ್ಲಿ ಕುಳಿತು ಅವನು ಮಾತಾಡುತ್ತಲೇ ಇದ್ದ. ಮಾತು ನಿಲ್ಲಿಸಿದರೆ ಅಳು ಬರುತ್ತದೆಂದು ಎಲ್ಲರಿಗೂ ಗೊತ್ತಿದ್ದುದರಿಂದ ಯಾರೂ ತಡೆಯಲಿಲ್ಲ.

"ಅವಳ ಕಣ್ಣು ಅಂದ್ರೆ ಕಣ್ಣು ಕಣ್ರೀ. ಕಲೆ ಬಟ್ಟೆ ಮೇಲೆ ಬೀಳೋಕೆ ಮುಂಚೇನೇ ಅವಳಿಗೆ ಕಾಣೋದು. ಅಂಗಡಿ ಯಜಮಾನರು ಏನಂತಿದ್ರು ಗೊತ್ತಾ? ಇವಳ ಮುಂದೆ ಕೂತು ಊಟ ಮಾಡೋಕೆ ಭಯ ಆಗುತ್ತೆ ಅಂತಿದ್ರು!"

ಜನ ಮೆಲ್ಲಗೆ ನಕ್ಕರು.

"ಇಡೀ ಜನ್ಮದಲ್ಲಿ ತಪ್ಪು ಅಂತ ಮಾಡಿದ್ದು ಒಂದೇ ಒಂದು" ಎಂದು ಇಸ್ತ್ರಿಯವನು ಬೆರಳೆತ್ತಿದ. "ಆ ಬ್ಯಾಂಡಿನವನ ಬಿಳಿ ಕೋಟು! ಪಾಪ, ಮೂಗಿಂದ ರಕ್ತ ಸುರಿಸ್ಕೊಂಡು ಬಂದಿದ್ದ. ಅದಕ್ಕೆ ಹೋಗಿ ಬಿಸಿನೀರು ಹುಯ್ದುಬಿಟ್ಲು. ರಕ್ತಕ್ಕೆ ಬಿಸಿನೀರು ಹಾಕ್ತಾರಾ? ಬೆಂದು ಕೂತ್ಕೊಳುತ್ತೆ! ಮೊದಲನೇ ದಿನ ಬಂದ ಹುಡುಗರಿಗೂ ಗೊತ್ತಿರೋ ವಿಷಯ. ಯಾಕಮ್ಮಾ ಹೀಗ್ಮಾಡ್ದೆ ಅಂದ್ರೆ, ನಿದ್ದೆಗಣ್ಣಲ್ಲಿದ್ದೆ ಅಂದ್ಲು. ನಿದ್ದೆಗಣ್ಣು! ಅವಳು ನಿದ್ದೇಲೂ ಒಂದು ಕಣ್ಣು ತೆಗೆದಿರೋಳು."

ತಲೆಯ ದೆಸೆಯಲ್ಲಿ ಪ್ರಾರ್ಥನೆಯ ಪುಸ್ತಕ ಹಿಡಿದು ಕುಳಿತಿದ್ದ ಅತ್ತಿಗೆ ಪುಟ ತಿರುವಿದಳು. ಓದಿದ್ದ ಪುಟವನ್ನೇ ಮತ್ತೆ ತಿರುವಿದಳು.

* * *

ಆಗ ಅವಳು ಮದುವೆಯಾಗಿ ಬಂದು ಮೂರು ತಿಂಗಳಾಗಿತ್ತು. ನಾದಿನಿ ಗ್ರಾಹಕರ ಬಟ್ಟೆಯನ್ನು ಮನೆಗೆ ತರುವಂತಿರಲಿಲ್ಲ. ಆದರೂ ಆ ಕೋಟು ಮರುದಿನಕ್ಕೆ ಬೇಕೆಂದು ತಂದು, ತಣ್ಣೀರಿನಲ್ಲಿ ನೆನೆಹಾಕಿ, ಸ್ವಲ್ಪ ಹೊತ್ತು ಮಲಗಿದ್ದಳು. ಹೊಸ ಸೊಸೆಗೆ ಎಲ್ಲರ ಕೈಲಿ ಭೇಷ್ ಅನ್ನಿಸಿಕೊಳ್ಳುವ ಆಸೆ. ಬಿಸಿನೀರು ಕಾಯಿಸಿ, ಬಕೆಟ್ಟಿಗೆ ಹುಯ್ದು, ಸೋಪು ಹಾಕಿ ಚೆನ್ನಾಗಿ ತಿಕ್ಕಿದಳು. ಕೆಂಪು ಕಲೆ ಕಣ್ಣೆದುರಿಗೇ ಕಂದಾಗಿ, ಬಟ್ಟೆಯ ನೂಲಿನೊಳಗೆ ಇಳಿದು ಕುಳಿತಿತು.

ನಾದಿನಿ ಎದ್ದು ಬಂದು ನೋಡಿದಳು. ಹಬೆಯಾಡುತ್ತಿದ್ದ ನೀರಿಗೆ ಕೈ ಹಾಕಿ ಕೋಟನ್ನು ಎತ್ತಿದಳು.

ಮರುದಿನ ಸಂಜೆ ಬಂದವಳೇ, "ನನ್ನನ್ನ ಹಿಂದ್ಗಡೆ ಬಾಯ್ಲರ್ ಕೋಣೆಗೆ ಹಾಕಿದಾರೆ ಅಣ್ಣ. ಅಲ್ಲಿ ಜನ ಕಮ್ಮಿ ಇದಾರಂತೆ" ಎಂದು ಅಣ್ಣನಿಗೆ ಹೇಳಿದಳು. ಒಂದು ವರ್ಷ ಅಲ್ಲಿದ್ದಳು. ಬಟ್ಟೆ ಒಗೆಯುವ ಸೋಡಾದ ನೀರಿಗೆ ಅಂಗೈಯ ಚರ್ಮ ಸುಲಿದು ಹೋಗುತ್ತಿತ್ತು. ಊಟಕ್ಕೆ ಕುಳಿತಾಗ ಚಮಚ ಹಿಡಿಯಲಾಗದೆ ಬಟ್ಟೆ ಸುತ್ತಿಕೊಂಡು ಹಿಡಿಯುತ್ತಿದ್ದಳು. ಅತ್ತಿಗೆ ಪ್ರತಿದಿನ, ಇವತ್ತು ಹೇಳಿಬಿಡುತ್ತೇನೆ ಎಂದುಕೊಂಡಳು. ಪ್ರತಿದಿನ ಪ್ರಾರ್ಥನೆಯಲ್ಲಿ ದೇವರಿಗೆ ಹೇಳಿದಳು. ದೇವರಿಗೆ ಹೇಳುವುದು ಸುಲಭವಾಗಿತ್ತು.

* * *

ಹತ್ತೂವರೆಯ ಹೊತ್ತಿಗೆ ಖಾಕಿ ಬಟ್ಟೆಯ ಹೆಂಗಸೊಬ್ಬಳು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ನಲವತ್ತೈದರ ಆಸುಪಾಸು, ಗಟ್ಟಿಮುಟ್ಟಾದ ಆಳು, ಬಸ್ಸಿನ ಡ್ರೈವರ್. ಬೀದಿಯ ಮೂಲೆಯಲ್ಲಿ ಅವಳ ಬಸ್ಸು ಖಾಲಿಯಾಗಿ ನಿಂತಿತ್ತು. ಪೆಟ್ಟಿಗೆಯ ಮುಂದೆ ತುಂಬ ಹೊತ್ತು ತಲೆ ತಗ್ಗಿಸಿ ನಿಂತು, ಆಮೇಲೆ ಅತ್ತಿಗೆಯ ಹತ್ತಿರ ಬಂದು ಕುಕ್ಕರಗಾಲಲ್ಲಿ ಕುಳಿತಳು.

"ಇಸ್ತ್ರಿ ಗಾಡಿ ಹತ್ರ ಇವರು ತೀರ್ಕೊಂಡ್ರು ಅಂತ ಬೋರ್ಡ್ ನೋಡ್ದೆ ಅಮ್ಮ. ಎದೆ ಒಡೆದ ಹಾಗಾಯ್ತು. ಹೋದ ಶನಿವಾರ ತಾನೆ ಮಾತಾಡಿದ್ದೆ. ನನ್ನ ಕುದುರೆ... ಅಯ್ಯೋ, ಅದಕ್ಕೆ ಬಂದೆ ಅಂದ್ಕೋಬೇಡಿ. ಅದು ಹೇಗಿದ್ರೂ ಆಯ್ತು, ಯಾವಾಗಾದ್ರೂ ಆಯ್ತು."

"ಯಾವುದು, ಕನ್ನಡಕದ್ದಾ?" ಎಂದ ಇಸ್ತ್ರಿಯವನು.

"ಹೂಂ ತಾತ. ಅದು ನಮ್ಮಕ್ಕಂದು. ನಂಗಾಗ ಐದು ವರ್ಷ. ನನಗೆ ಆಡೋಕೆ ಕೊಡ್ಲಿಲ್ಲ ಅಂತ, ಅಕ್ಕ ಸ್ಕೂಲಿಗೆ ಹೋದಾಗ ಪೆನ್ನಲ್ಲಿ ಬರೆದುಬಿಟ್ಟೆ. ಎರಡು ದಿನ ಊಟ ಬಿಟ್ಟಿದ್ಲು. ಆಮೇಲೆ ಅಮ್ಮ ಹೋದ್ರು, ಅವಳೇ ನನ್ನ ಸಾಕಿದ್ದು. ಈ ಭಾನುವಾರ ಅವಳಿಗೆ ಐವತ್ತು ತುಂಬುತ್ತೆ. ಕ್ಲೀನ್ ಮಾಡ್ಸಿ ಕೈಗಿಡೋಣ ಅಂತ ಒಂದಾಸೆ, ಅಷ್ಟೇ."

ಅತ್ತಿಗೆ ಪುಸ್ತಕ ಮುಚ್ಚಿದಳು. "ಎಲ್ಲಿದೆಯೋ ಏನೋ. ಹುಡುಕಿ ಕಳಿಸ್ತೀನಮ್ಮ" ಎಂದಳು. ಅವಳ ದನಿ ಅವಳಿಗೇ ಬೇರೆಯವರದೆಂಬಂತೆ ಕೇಳಿಸಿತು.

ಆ ಹೊತ್ತಿಗೆ ಸರಿಯಾಗಿ, ಪೆಟ್ಟಿಗೆಯ ಮೇಲೆ ಹೊದಿಸಲು ಒಳ್ಳೆಯ ಹೊದಿಕೆ ಹುಡುಕುತ್ತಿದ್ದ ಮಗಳು ಒಳಕೋಣೆಯಿಂದ ಬಂದಳು. ತೋಳಿನ ಮೇಲೆ ಹೊದಿಕೆ, ಕೈಯಲ್ಲಿ ಬಿಚ್ಚಿದ ಟವೆಲು. "ಅಮ್ಮ, ಇದು ಬೀರೂಲಿ ಯಾಕಿತ್ತು?"

ಡ್ರೈವರ್ ಎದ್ದು ಕುದುರೆಯನ್ನು ಕೈಗೆ ತೆಗೆದುಕೊಂಡಳು. ಬೆಳಕಿಗೆ ಹಿಡಿದಳು. ನೀಲಿ ಮುಖದ ಮೇಲಿನ ಬಿಳಿ ಕನ್ನಡಕ ಅವಳನ್ನೇ ನೋಡುತ್ತಿತ್ತು. ಅವಳಿಗೆ ಒಮ್ಮೆಗೇ ನಗು ಬಂತು. ಬಾಯಿಗೆ ಕೈ ಅಡ್ಡ ಹಿಡಿದಳು. ನಗು ಅಲ್ಲಿಯೇ ಕೆಟ್ಟು, ಕಣ್ಣು ತುಂಬಿ ಬಂತು.

"ಹೋಗ್ಲಿ ಬಿಡಿ" ಎಂದಳು. "ಅವರು ತಾನೆ ಏನ್ ಮಾಡಿಯಾರು?"

"ಅತ್ತೆಗೆ ಮೈ ಸರಿ ಇರ್ಲಿಲ್ಲ ರೀ" ಎಂದು ಮಗಳು ಅವಸರವಾಗಿ ಹೇಳಿದಳು. "ಕಣ್ಣು ಮಂಜಾಗಿತ್ತು. ಎಷ್ಟು ಹೊತ್ತು ಬಿಸಿಲಿಗಿಟ್ರೋ, ಜ್ಞಾಪಕ ಇರ್ಲಿಲ್ವೇನೋ."

ಇಸ್ತ್ರಿಯವನು ಕುದುರೆಯನ್ನು ಇಸಿದುಕೊಂಡು, ಹೆಬ್ಬೆರಳಿನಿಂದ ಬಿಳಿ ಗೆರೆಯನ್ನು ಸವರಿ ನೋಡಿದ. ತಲೆಯಾಡಿಸಿದ. "ಅಲ್ಲಿಗೆ ಎರಡಾಯ್ತು" ಎಂದ. "ಆ ಕೋಟು ಒಂದು. ಇದು ಎರಡು. ವಯಸ್ಸು ಯಾರನ್ನ ಬಿಟ್ಟಿದೆ?"

ಸುತ್ತ ಕುಳಿತವರು ಹೌದೆಂಬಂತೆ ನಿಟ್ಟುಸಿರುಬಿಟ್ಟರು. ಎಲ್ಲರಿಗೂ ಅದು ಸಹಜವಾಗಿಯೇ ಕಂಡಿತು. ಡ್ರೈವರ್ ಮಾತ್ರ ಕುದುರೆಯ ಕಾಲುಗಳನ್ನು ತಿರುಗಿಸಿ ನೋಡಿ, ಸಂಕೋಚದಿಂದ ಕೇಳಿದಳು. "ಚೀಟಿ ಇಲ್ವಾ? ಅವರು ಚೀಟಿ ಇಲ್ದೆ ಕೊಡ್ತಿರ್ಲಿಲ್ಲ. ಅವರ ಕೈಬರಹ ಇದ್ದಿದ್ರೆ..."

"ನಾನು ಬರೆದು ಕೊಡ್ತೀನಿ ಇರಿ" ಎಂದು ಮಗಳು ಒಳಗೆ ಹೋಗಿ ಚೀಟಿಯ ಕಟ್ಟು, ದಾರ, ಪೆನ್ನು ತಂದಳು. ಅವಳು ಶಾಲೆಯೊಂದರಲ್ಲಿ ಗುಮಾಸ್ತೆ. ಬರಹ ಮುತ್ತು ಪೋಣಿಸಿದಂತೆ. ಬರೆದು, ಗಟ್ಟಿಯಾಗಿ ಓದಿದಳು. "ಬಂದಾಗ, ಮುಖದ ಮೇಲೆ ಶಾಯಿ. ಮಾಡಿದ್ದು, ಮುಲಾಮು ಮತ್ತು ಬಿಸಿಲು. ಉಳಿದದ್ದು, ಬಿಳಿ ಕಲೆ. ಮಾಡುವವರಿಗೆ ದೃಷ್ಟಿ ಕುಂದಿದ್ದರಿಂದ. ಸರಿ ತಾನೆ ಅಮ್ಮ?"

* * *

ಸೋಮವಾರ ನಾದಿನಿಯನ್ನು ಗಾಲಿಕುರ್ಚಿಯಲ್ಲಿ ಆಸ್ಪತ್ರೆಯ ಗಾಡಿಗೆ ಏರಿಸುವಾಗ, ಅವಳು ಮೂಗಿನ ಮೇಲಿನ ಆಕ್ಸಿಜನ್ ಮಾಸ್ಕನ್ನು ಕೈಯಿಂದ ಸರಿಸಿದಳು. ಗಂಟೆ ಒಂಬತ್ತೂ ಐದು. "ಅತ್ತಿಗೆ, ಕಿಟಕೀಲಿ ನೀಲಿದು ಇದೆ. ಈಗಷ್ಟೇ ಇಟ್ಟಿದೀನಿ. ಹನ್ನೊಂದಕ್ಕೆ ಒಳಗೆ ತಗೊಂಡು ತೊಳೆದುಬಿಡಿ. ಮರೀಬೇಡಿ."

"ಆಯ್ತು, ನೀನು ಬಾಯಿ ಮುಚ್ಕೊಂಡು ಉಸಿರಾಡು."

ಮರೆತಳೇ? ಮರೆತಿರಲಿಲ್ಲ. ಹನ್ನೊಂದರ ಹೊತ್ತಿಗೆ ಬಟ್ಟೆಬರೆ ತರಲು ಒಬ್ಬಳೇ ಮನೆಗೆ ಬಂದಿದ್ದಳು. ಆ ಕೋಣೆಗೆ ಹೋಗಿ ನಾದಿನಿಯ ಬಟ್ಟೆಗಳನ್ನು ಚೀಲಕ್ಕೆ ತುಂಬುವಾಗ ಕುದುರೆ ಕಿಟಕಿಯಲ್ಲೇ ಇತ್ತು. ಕೈ ನೀಡಿದರೆ ಸಿಗುವಷ್ಟು ದೂರ. ಅದರ ಮುಖ ನೋಡಿದ ಕೂಡಲೇ ಅವಳಿಗೆ ಎಲ್ಲಿಲ್ಲದ ಕೋಪ ಬಂತು. ಉಸಿರು ಹೋಗುವ ಹೊತ್ತಿನಲ್ಲೂ ಇವಳಿಗೆ ಕುದುರೆ. ಅಣ್ಣ ಹೇಗಿರುತ್ತಾನೆ ಎಂದು ಕೇಳಲಿಲ್ಲ, ಅತ್ತಿಗೆ ಒಬ್ಬಳೇ ಹೇಗಿರುತ್ತಾಳೆ ಎಂದು ಕೇಳಲಿಲ್ಲ. ಇರಲಿ, ಬಿದ್ದಿರಲಿ, ನಾನೇನು ಇವುಗಳ ಆಳೇ? ಚೀಲದ ಬಾಯಿ ಕಟ್ಟಿ ಹೊರಟುಬಂದಳು.

ಮಂಗಳವಾರ ಸಂಜೆ ನಾದಿನಿ ಕಣ್ಣು ತೆರೆದಳು. ತುಟಿ ಒಣಗಿತ್ತು. "ತೆಗೆದ್ರಾ ಅತ್ತಿಗೆ?"

"ತೆಗೆದೆ. ತೊಳೆದೂ ಇಟ್ಟೆ."

"ಕನ್ನಡಕ ಹೋಯ್ತಾ?"

"ಪೂರ್ತಿ ಹೋಯ್ತು. ಎಷ್ಟ್ ಚೆನ್ನಾಗಿದೆ ಗೊತ್ತಾ?"

ನಾದಿನಿ ನಕ್ಕಳು. ಹಾಸಿಗೆಯ ಮೇಲಿದ್ದ ಅತ್ತಿಗೆಯ ಕೈಯನ್ನು ಎರಡು ಸಲ ಮೆಲ್ಲಗೆ ತಟ್ಟಿದಳು. ಕೆಲಸ ಕಲಿಯಲು ಬಂದ ಹುಡುಗಿಯರ ಕೈಯನ್ನು ಅಂಗಡಿಯಲ್ಲಿ ತಟ್ಟುತ್ತಿದ್ದ ಹಾಗೆ. ಅವಳು ಬುಧವಾರ ಮಧ್ಯಾಹ್ನ ತೀರಿಕೊಂಡಳು. ಆ ನಡುವೆ ಬೇರೆ ಮಾತು ಆಡಲಿಲ್ಲ.

* * *

"ಸರಿ ತಾನೆ ಅಮ್ಮ?" ಎಂದು ಮಗಳು ಮತ್ತೆ ಕೇಳಿದಳು.

ಅತ್ತಿಗೆ ಕೈ ಚಾಚಿ ಚೀಟಿಯನ್ನು ತೆಗೆದುಕೊಂಡಳು. ಮುತ್ತಿನಂಥ ಅಕ್ಷರಗಳನ್ನು ಒಂದೊಂದಾಗಿ ಓದಿದಳು. ಆಮೇಲೆ ನಾಲ್ಕು ಚೂರು ಮಾಡಿ ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಪೆನ್ನು ಕೊಡು."

ಹೊರಗಿನಿಂದ ಅವಳ ಗಂಡ ಒಳಗೆ ಬಂದ. ಅವನ ಹಿಂದೆ ಪ್ರಾರ್ಥನೆ ಹೇಳುವ ಹಿರಿಯರು. "ಗಾಡಿ ಬಂದಿದೆ. ಹೊತ್ತಾಯ್ತು, ಏಳಿ ಎಲ್ಲರೂ" ಎಂದ. ಹೆಂಡತಿಯ ಕೈಯಲ್ಲಿ ಪೆನ್ನು ಕಂಡು ಅವನಿಗೆ ಅರ್ಥವಾಗಲಿಲ್ಲ. "ಏನೇ ಇದು? ಈಗಾ?"

ಅವಳು ಪ್ರಾರ್ಥನೆಯ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಮೇಲೆ ಚೀಟಿ ಇಟ್ಟು ಬರೆಯತೊಡಗಿದಳು. ವರ್ಷಗಳಿಂದ ಅವಳು ಸಹಿ ಬಿಟ್ಟು ಬೇರೇನೂ ಬರೆದಿರಲಿಲ್ಲ. ಅಕ್ಷರಗಳು ದೊಡ್ಡದಾಗಿ, ಒಂದರ ಮೇಲೊಂದು ಬಿದ್ದವು. ಜನ ಎದ್ದು ನಿಂತು ಕಾದರು.

"ಅಮ್ಮ, ಬೇಡ ಬಿಡಿ. ನಾನೇನೂ ಬೇಜಾರು ಮಾಡ್ಕೊಂಡಿಲ್ಲ" ಎಂದಳು ಡ್ರೈವರ್.

"ಇರಮ್ಮ."

ಬರೆದು ಮುಗಿಸಿ ಅವಳು ಅದನ್ನು ಡ್ರೈವರಿಗೆ ಕೊಡಲಿಲ್ಲ. ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ ಓದಿದಳು. "ಬಂದಾಗ, ಶಾಯಿಯ ಕನ್ನಡಕ. ಅವಳು ಮಾಡಿದ್ದು ಸರಿಯಾಗಿಯೇ ಇತ್ತು. ಹನ್ನೊಂದಕ್ಕೆ ತೆಗೆಯಲು ನನಗೆ ಹೇಳಿದ್ದಳು. ನಾನು ನೋಡಿಯೂ ತೆಗೆಯಲಿಲ್ಲ. ತೆಗೆದೆ ಎಂದು ಅವಳಿಗೆ ಸುಳ್ಳು ಹೇಳಿದೆ. ಉಳಿದದ್ದು, ಈ ಬಿಳಿ. ಇದು ಹೋಗುವುದಿಲ್ಲ."

ಗಂಡ ಅವಳ ತೋಳು ಹಿಡಿದು ತಗ್ಗಿದ ದನಿಯಲ್ಲಿ, "ಯಾಕೇ ಇದೆಲ್ಲ ಈಗ? ಸತ್ತೋಳಿಗೆ ಏನ್ ಗೊತ್ತಾಗುತ್ತೆ?" ಎಂದ.

"ಅದಕ್ಕೇ" ಎಂದಳು ಅತ್ತಿಗೆ. ಆಮೇಲೆ ಇಸ್ತ್ರಿಯವನ ಕಡೆ ತಿರುಗಿದಳು. "ಆ ಕೋಟಿಗೆ ಬಿಸಿನೀರು ಹಾಕಿದ್ದೂ ನಾನೇ. ಅವಳು ತಣ್ಣೀರಲ್ಲೇ ನೆನೆಸಿದ್ಲು."

ಮುದುಕ ಹೆಗಲ ಮೇಲಿನ ಬಟ್ಟೆಯನ್ನು ತೆಗೆದು ಮಡಿಸಿದ. ಬಿಚ್ಚಿ ಮತ್ತೆ ಮಡಿಸಿದ. "ನಲವತ್ತೈದು ವರ್ಷದಿಂದ ನಾನು ಆ ಕಥೆ ಹೇಳ್ಕೊಂಡು ಬಂದೆನಲ್ಲಮ್ಮ" ಎಂದ. "ಅವಳ ಮುಂದೇನೇ ಎಷ್ಟು ಸಲ ಹೇಳಿದೀನಿ. ಅವಳೂ ನಗ್ತಿದ್ಲು." ಪೆಟ್ಟಿಗೆಯ ಅಂಚಿಗೆ ಹಣೆ ಹಚ್ಚಿ ಅತ್ತ.

ಮಗಳು ತಾಯಿಯ ಮುಖ ನೋಡದೆ ಹೊದಿಕೆಯನ್ನು ಪೆಟ್ಟಿಗೆಯ ಮೇಲೆ ಹರಡಿದಳು. ಅತ್ತಿಗೆ ಚೀಟಿಯನ್ನು ಸುರುಳಿ ಮಾಡಿ, ಕುದುರೆಯ ಮುಂಗಾಲಿಗೆ ದಾರ ಸುತ್ತಿದಳು. ನಾದಿನಿ ಹಾಕುತ್ತಿದ್ದ ಗಂಟು ಹೇಗಿತ್ತೆಂದು ನೆನಪಿಗೆ ಬರಲಿಲ್ಲ. ತನಗೆ ಬಂದ ಗಂಟು ಹಾಕಿದಳು. ಡ್ರೈವರ್ ಎರಡೂ ಕೈಯಲ್ಲಿ ಕುದುರೆಯನ್ನು ತೆಗೆದುಕೊಂಡಳು. "ಆಯ್ತಮ್ಮ" ಎಂದಳು. ಪರವಾಗಿಲ್ಲ ಎನ್ನಲಿಲ್ಲ. ಬಾಗಿಲಿನ ಹತ್ತಿರ ಒಮ್ಮೆ ತಿರುಗಿ ಪೆಟ್ಟಿಗೆಯನ್ನು ನೋಡಿ, ಚಪ್ಪಲಿ ಮೆಟ್ಟಿಕೊಂಡು ಹೋದಳು.

ಗೋಡೆಯ ಗಡಿಯಾರ ಹನ್ನೊಂದು ಹೊಡೆಯಿತು. ಹಿರಿಯರು ಪ್ರಾರ್ಥನೆ ಆರಂಭಿಸಿದರು. ನಾಲ್ಕು ಜನ ಪೆಟ್ಟಿಗೆಗೆ ಹೆಗಲು ಕೊಟ್ಟರು.

* * *

ಮಣ್ಣು ಮಾಡಿ ಬರುವ ಹೊತ್ತಿಗೆ ಎರಡು ಗಂಟೆ ದಾಟಿತ್ತು. ಸ್ಮಶಾನದಲ್ಲಿ ಯಾರೂ ಅತ್ತಿಗೆಯ ಪಕ್ಕದಲ್ಲಿ ನಿಲ್ಲಲಿಲ್ಲ. ದೂರ ಮಾಡಬೇಕೆಂದೇನೂ ಅಲ್ಲ, ಹೇಗೆ ನಿಲ್ಲಬೇಕೆಂದು ತೋಚದೆ. ಗಂಡ ಬಾಗಿಲಲ್ಲೇ ಕುರ್ಚಿಯಲ್ಲಿ ಕುಸಿದ. ಮಗಳು ಒಲೆ ಹಚ್ಚಿ ಟೀಗೆ ನೀರಿಟ್ಟಳು. ಬಾಡಿಗೆಯವನು ಬಂದು ಕುರ್ಚಿಗಳನ್ನು ಒಂದರೊಳಗೊಂದು ಸಿಕ್ಕಿಸುವ ಸದ್ದು ಬೀದಿಯಿಂದ ಕೇಳಿಸುತ್ತಿತ್ತು.

ಅತ್ತಿಗೆ ಕೈಯ ಮಣ್ಣನ್ನೂ ತೊಳೆಯದೆ ಹಿಂದಿನ ಕೋಣೆಗೆ ಹೋದಳು.

ಬಿಸಿಲು ಮೇಜಿನ ಅರ್ಧದವರೆಗೆ ಬಂದಿತ್ತು. ಸೀಸೆಗಳ ಮೇಲಿನ ತಲೆಗಳ ಕಡೆಗೆ ಇನ್ನೊಂದು ಗೇಣು. ಅವಳು ಕೈಯನ್ನು ಬಟ್ಟೆಗೆ ಒರೆಸಿಕೊಂಡು, ಒಂದೊಂದೇ ಸೀಸೆಯನ್ನು ಎತ್ತಿ ನೆರಳಿನ ಕಡೆಗೆ ಸರಿಸಿದಳು. ಕಿಟಕಿಯ ಕಟ್ಟೆಯ ಮೇಲೆ ಮೂರು ದಿನದ ಧೂಳಿತ್ತು. ಅದರ ನಡುವೆ ಧೂಳಿಲ್ಲದ ನಾಲ್ಕು ಪುಟ್ಟ ಗುಂಡು ಗುರುತುಗಳು, ಕುದುರೆ ನಿಂತಿದ್ದ ಜಾಗ. ಅವಳು ಕಟ್ಟೆಯನ್ನು ಒರೆಸಲಿಲ್ಲ.

ಕೊನೆಯ ಸೀಸೆಯ ಮೇಲೆ ಒಂದು ಬಿಳಿ ಕುದುರೆಯ ತಲೆ ಇತ್ತು. ತೊಳೆದ ಜೂಲು ಒಣಗಿ ಗಂಟುಗಟ್ಟಿ ಕತ್ತಿನ ಕೆಳಗೆ ಇಳಿಬಿದ್ದಿತ್ತು. ಪಕ್ಕದಲ್ಲಿ ಅದರ ಮೈ, ಬಾಲವಿಲ್ಲದೆ. ಅದರ ಕಾಲಿಗೆ ನಾದಿನಿಯ ಕೈಬರಹದ ಚೀಟಿ. ಮೊದಲ ಸಾಲು ಮಾತ್ರ ಬರೆದಿತ್ತು.

ಅತ್ತಿಗೆ ನಾದಿನಿಯ ಮೋಟು ಸ್ಟೂಲಿನ ಮೇಲೆ ಕ್ಷಣಹೊತ್ತು ಕುಳಿತಳು. ಆಮೇಲೆ ಸ್ಟೀಲಿನ ಬಾಚಣಿಗೆ ತೆಗೆದುಕೊಂಡು, ಬಿಳಿ ಜೂಲನ್ನು ತುದಿಯಿಂದ ಬಿಡಿಸತೊಡಗಿದಳು. ಬೆಳಗಿನ ನರೆಗೂದಲು ಬಾಚಣಿಗೆಯ ಹಲ್ಲಿನಲ್ಲಿ ಹಾಗೆಯೇ ಸುತ್ತಿಕೊಂಡಿತ್ತು. ಎರಡನೆಯ ಸಲ ಎಳೆದಾಗ ಅದರಲ್ಲೊಂದು ಬಿಟ್ಟುಕೊಂಡು ನೈಲಾನಿನ ಎಳೆಗಳ ನಡುವೆ ಸೇರಿತು. ಅವಳು ಅದನ್ನು ನೋಡಿದಳು. ತೆಗೆಯಲು ಬೆರಳು ಮುಂದೆ ಮಾಡಿ ಹಿಂದೆಗೆದಳು. ಮತ್ತೆ ತುದಿಯಿಂದ ಮೇಲಕ್ಕೆ, ಒಂದೂ ಹರಿಯದ ಹಾಗೆ, ಬಾಚುತ್ತ ಹೋದಳು.